ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಜೀನ್ ಓದೋಕೆ ಶುರು ಮಾಡೋ ಪ್ರೋಟೀನ್ ಗುಂಪು ನಿಜಕ್ಕೂ ಹೇಗಿದೆ?

ಹೋದ ಸಂಚಿಕೇಲಿ "ಎಲ್ಲಾ ಜೀವಕೋಶದಲ್ಲೂ ಒಂದೇ ಡಿಎನ್‌ಎ ಇದ್ರೆ ಇನ್ಸುಲಿನ್ ಯಾಕೆ ಮೇದೋಜೀರಕ ಗ್ರಂಥೀಲಿ ಮಾತ್ರ ತಯಾರಾಗತ್ತೆ" ಅನ್ನೋ ಪ್ರಶ್ನೆಗೆ ಉತ್ತರ ಬರೀತಾ, ಒಂದು ಜೀನ್ ಓದೋಕೆ ಶುರು ಮಾಡ್ಬೇಕಾದ್ರೆ ಹತ್ತಾರು ಪ್ರೋಟೀನ್‌ಗಳು ಬಂದು ಡಿಎನ್‌ಎ ಮೇಲೆ ಒಂದು ದೊಡ್ಡ ಗುಂಪಾಗಿ ಕೂರ್ಬೇಕು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲು ಹಿಡ್ಕೊಂಡು ಇಷ್ಟೊಂದು ಪತ್ರ ಬಂದಿದೆ, ತುಂಬಾ ಖುಷಿಯಾಯ್ತು. ಈ ಸಲದ ಅಂಕಣ ಪೂರ್ತಿ ಅದೇ ವಿಷಯ.

ಪ್ರಶ್ನೆ: ಮೇಡಂ, ನಮ್ ಟೆಕ್ಸ್ಟ್‌ಬುಕ್ಕಲ್ಲಿ ಡಿಎನ್‌ಎ ಅಂತ ಒಂದು ನೇರ ಗೆರೆ ಎಳೆದು ಅದರ ಮೇಲೆ ಬಣ್ಣಬಣ್ಣದ ಮೊಟ್ಟೆ ಆಕಾರಗಳನ್ನ ಸಾಲಾಗಿ ಕೂರಿಸಿ ಟಿಎಫ್‌ಟು-ಎ, ಬಿ, ಡಿ, ಇ, ಎಫ್, ಎಚ್ ಅಂತ ಬರೆದಿದಾರೆ. ನಿಜವಾಗ್ಲೂ ಹಾಗೇ ಇರತ್ತಾ? ಮಧ್ಯ ಸಿ ಮತ್ತೆ ಜಿ ಎಲ್ಲಿ ಹೋಯ್ತು?
— ಬಿಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೊದಲು ಅಕ್ಷರಗಳ ವಿಷಯ ಮುಗಿಸಿಬಿಡ್ತೀನಿ. 1969ರಲ್ಲಿ ರಾಬರ್ಟ್ ರೋಡರ್ ಮತ್ತು ವಿಲಿಯಂ ರಟ್ಟರ್ ನಮ್ಮಂಥ ಜೀವಿಗಳ ಕೋಶಕೇಂದ್ರದಲ್ಲಿ ಜೀನ್ ಓದಿ ಅದರ ಆರ್‌ಎನ್‌ಎ ನಕಲು ತಯಾರಿಸೋ ಎನ್‌ಜೈಮ್, ಅಂದ್ರೆ ಪಾಲಿಮರೇಸ್, ಒಂದಲ್ಲ, ಮೂರಿವೆ ಅಂತ ತೋರಿಸಿದರು. ಪ್ರೋಟೀನ್ ತಯಾರಿಸೋಕೆ ಬೇಕಾದ ಮೆಸೆಂಜರ್ ಆರ್‌ಎನ್‌ಎ ಬರೆಯೋದು ಅದರಲ್ಲಿ ಎರಡನೇದು, ಪಾಲ್-ಟು. ಆಮೇಲೆ ಒಂದು ವಿಚಿತ್ರ ಕಂಡುಬಂತು: ಈ ಪಾಲ್-ಟುವನ್ನ ಶುದ್ಧ ಮಾಡಿ ಬರೀ ಡಿಎನ್‌ಎ ಜೊತೆ ಟ್ಯೂಬಲ್ಲಿ ಹಾಕಿದ್ರೆ ಅದಕ್ಕೆ ಜೀನ್ ಎಲ್ಲಿ ಶುರುವಾಗತ್ತೆ ಅಂತಾನೇ ಗೊತ್ತಾಗಲ್ಲ. ಅದೇ ಟ್ಯೂಬಿಗೆ ಮನುಷ್ಯರ ಜೀವಕೋಶಗಳ ರಸ ಸ್ವಲ್ಪ ಹಾಕಿದ್ರೆ ಸರಿಯಾದ ಜಾಗದಿಂದಲೇ ಶುರು ಮಾಡತ್ತೆ. ಹಾಗಾದ್ರೆ ಆ ರಸದಲ್ಲಿ ಏನೋ ಇದೆ ಅಂತ ಅದನ್ನ ಕಾಲಂ ಅನ್ನೋ ಸೋಸೋ ಕೊಳವೆ ಮೂಲಕ ಹಾಯಿಸಿ ಭಾಗ ಮಾಡ್ತಾ ಹೋದರು, ಆ ಭಾಗಗಳಿಗೆ ಎ, ಬಿ, ಸಿ, ಡಿ ಅಂತ ಅಕ್ಷರ ಇಟ್ಟರು, ಅದೇ ಉಳ್ಕೊಂಡಿದೆ. ಟಿಎಫ್ ಅಂದ್ರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಟ್ರಾನ್ಸ್‌ಕ್ರಿಪ್ಷನ್ ಅಂದ್ರೆ ಜೀನ್ ಓದೋದು), ಟು ಅಂದ್ರೆ ಪಾಲ್-ಟುವಿಗೆ ಸೇರಿದ್ದು. ಸಿ ಅಂತ ಕರೆದದ್ದು ಆಮೇಲೆ ನೋಡಿದ್ರೆ ಡಿಎನ್‌ಎ ಸೀಳು ಬಿಟ್ಟ ಕಡೆ ಬಂದು ಕೂರೋ ಬೇರೆಯೇ ಒಂದು ಎನ್‌ಜೈಮ್ ಆಗಿತ್ತು, ಹಾಗಾಗಿ ಲಿಸ್ಟಿಂದ ಹೋಯ್ತು, ಜಿ ಕೂಡ ಪ್ರತ್ಯೇಕವಾಗಿ ಉಳೀಲಿಲ್ಲ.

ಆ ರಸ ಬಂದದ್ದು ಹೆಚ್ಚಾಗಿ ಹೀಲಾ ಕೋಶಗಳಿಂದ. 1951ರಲ್ಲಿ ಅಮೆರಿಕದ ಬಾಲ್ಟಿಮೋರಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೀತಿದ್ದ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ಕಪ್ಪು ಹೆಣ್ಣುಮಗಳ ಗೆಡ್ಡೆಯಿಂದ, ಆಕೆಗೆ ಹೇಳದೆ ಕೇಳದೆ ತೆಗೆದಿಟ್ಟ ಕೋಶಗಳು ಅವು. ಈ ವಿಷಯ ಪಾಠ ಮಾಡೋರು ಆಕೆ ಹೆಸರನ್ನೂ ಹೇಳ್ಲೇಬೇಕು ಅಂತ ನನ್ನ ಅಭಿಪ್ರಾಯ.

ಈಗ ಆಕಾರ. ಟೆಕ್ಸ್ಟ್‌ಬುಕ್ ಚಿತ್ರದಲ್ಲಿ ದೊಡ್ಡ ತಪ್ಪು ಅಂದ್ರೆ ಆ ನೇರ ಗೆರೆ. ಟಿಎಫ್‌ಟು-ಡಿ ಒಳಗೆ ಟಿಬಿಪಿ ಅನ್ನೋ ಸಣ್ಣ ಪ್ರೋಟೀನ್ ಇದೆ, ಕುದುರೆ ತಡಿಯ ಆಕಾರದ್ದು, ಅದು ಡಿಎನ್‌ಎ ಮೇಲೆ ಕೂತ ತಕ್ಷಣ ಡಿಎನ್‌ಎಯನ್ನ ಹೆಚ್ಚುಕಮ್ಮಿ 90 ಡಿಗ್ರಿ ಬಗ್ಗಿಸಿಬಿಡತ್ತೆ. 1993ರಲ್ಲೇ ಕ್ರಿಸ್ಟಲ್ ಚಿತ್ರಗಳಲ್ಲಿ (ಪ್ರೋಟೀನನ್ನ ಹರಳುಗಟ್ಟಿಸಿ ಎಕ್ಸ್‌ರೇ ಹಾಯಿಸಿ ತೆಗೆಯೋದು) ಇದನ್ನ ಕಂಡಿದ್ದರು. ಹೀಗೆ ಬಗ್ಗಿದ ಡಿಎನ್‌ಎಯನ್ನ ಎರಡೂ ಪಕ್ಕದಿಂದ ಹಿಡ್ಕೊಳ್ಳೋದು ಟಿಎಫ್‌ಟು-ಎ ಮತ್ತು ಟಿಎಫ್‌ಟು-ಬಿ. ಬಿ ಇದೆಯಲ್ಲ, ಅದರ ಒಂದು ತುದಿ ಟಿಬಿಪಿ ಹತ್ರ ಇರತ್ತೆ, ಇನ್ನೊಂದು ತುದಿ ಪಾಲ್-ಟುವಿನ ಒಳಗೆ, ಆರ್‌ಎನ್‌ಎ ತಯಾರಾಗೋ ಜಾಗದ ಹತ್ತಿರದವರೆಗೂ ಹೋಗಿರತ್ತೆ. ಚಿತ್ರದಲ್ಲಿ ಪಕ್ಕದಲ್ಲಿ ಕೂತಿರೋ ಗುಂಡು ನಿಜದಲ್ಲಿ ಹೊಟ್ಟೆಯೊಳಗೇ ಕೈ ಹಾಕಿದೆ. ಎಫ್ ಅನ್ನೋದು ಪಾಲ್-ಟುವಿಗೆ ಅಂಟ್ಕೊಂಡೇ ಬರತ್ತೆ, ಇ ಬಂದು ಎಚ್‌ಗೆ ಜಾಗ ಮಾಡಿಕೊಡತ್ತೆ. ಪಾಲ್-ಟು ಅಂದ್ರೂ ಒಂದು ಪ್ರೋಟೀನ್ ಅಲ್ಲ, 12 ಸೇರಿ ಒಂದು, ಮಧ್ಯ ಆಳವಾದ ಕಂದಕ, ಅದರ ತಳದಲ್ಲಿ ಮೆಗ್ನೀಸಿಯಂ. ಯೀಸ್ಟಿನ ಪಾಲ್-ಟುವಿನ 12ರಲ್ಲಿ 10 ಪ್ರೋಟೀನ್‌ಗಳು ವಿವರವಾಗಿ ಕಂಡದ್ದು 2001ರಲ್ಲಿ, ರೋಜರ್ ಕಾರ್ನ್‌ಬರ್ಗ್ ಅವರಿಗೆ 2006ರ ಕೆಮಿಸ್ಟ್ರಿ ನೊಬೆಲ್ ಬಂತು. ಮನುಷ್ಯರ ಪೂರ್ತಿ ಗುಂಪನ್ನ ಹಂತಹಂತವಾಗಿ ಕಟ್ಟಿ ತೋರಿಸಿದ್ದು ಬರ್ಕ್ಲಿಯ ಇವಾ ನೊಗಾಲೆಸ್ ಅವರ ತಂಡ, 2013 ಮತ್ತು 2016ರಲ್ಲಿ. 2021ರಲ್ಲಿ ಶಾಂಘೈನ ಫುಡಾನ್ ಯೂನಿವರ್ಸಿಟಿ ತಂಡ ಮೀಡಿಯೇಟರ್ ಅನ್ನೋ ಇನ್ನೊಂದು ದೊಡ್ಡ ಗುಂಪನ್ನೂ ಸೇರಿಸಿ ನೋಡ್ತು: ಒಟ್ಟು 76 ಪ್ರೋಟೀನ್ ಸರಪಳಿ, ತೂಕ ಸುಮಾರು 41 ಲಕ್ಷ ಡಾಲ್ಟನ್ (ಅಣುಗಳ ತೂಕದ ಅಳತೆ). ನಮ್ಮ ರಕ್ತದ ಹಿಮೋಗ್ಲೋಬಿನ್ ಸುಮಾರು 64 ಸಾವಿರ ಡಾಲ್ಟನ್, ಅಂದ್ರೆ ಅಂಥ ಅರವತ್ತಕ್ಕೂ ಹೆಚ್ಚು ಹಿಮೋಗ್ಲೋಬಿನ್ ತೂಕದ್ದು ಒಂದು ಜೀನಿನ ಬಾಗಿಲಲ್ಲಿ ಕೂತಿರತ್ತೆ.

ಪ್ರಶ್ನೆ: ಬಾಯರ, ಪೇಪರಿನ್ಯಾಗ ಇಂಥ ಚಿತ್ರ ಹಾಕಿರತಾರಲ್ರಿ, ಕಣ್ಣಿಗಿ ಕಾಣಲಾರದ್ದನ್ನ ಯಾವ ಕ್ಯಾಮೆರಾದಾಗ ತಗೀತಾರ್ರಿ? ಬಣ್ಣ ಖರೇನ ಅಷ್ಟ ಇರ್ತಾವೇನ್ರಿ?
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಉತ್ತರ: ಬಣ್ಣ ನಿಜ ಅಲ್ಲ ಸರ್, ಯಾವ ಪ್ರೋಟೀನ್ ಎಲ್ಲಿದೆ ಅಂತ ಗುರುತು ಸಿಗಲಿ ಅಂತ ಕಂಪ್ಯೂಟರಲ್ಲಿ ಹಾಕಿರ್ತಾರೆ. ಆಕಾರ ಮಾತ್ರ ನಿಜ.

ಮನುಷ್ಯರ ಈ ಗುಂಪು ಸಿಗೋದೇ ಬಹಳ ಕಮ್ಮಿ, ಕ್ರಿಸ್ಟಲ್ ಮಾಡೋವಷ್ಟಂತೂ ಸಿಗಲ್ಲ, ಸಿಕ್ಕಿದ್ರೂ ಇಷ್ಟು ಅಲುಗಾಡೋ ವಸ್ತು ನೀಟಾಗಿ ಕ್ರಿಸ್ಟಲ್ ಆಗಲ್ಲ. ಅದಕ್ಕೆ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ನೊಗಾಲೆಸ್ ತಂಡ ಮಾಡಿದ ಕೆಲಸ ನೋಡಿ, ಒಂದು ಡಿಎನ್‌ಎ ತುಂಡಿನ ಒಂದು ತುದಿಗೆ ಬಯೋಟಿನ್ ಅನ್ನೋ ಪುಟ್ಟ ಅಣು ಅಂಟಿಸಿ ಅದನ್ನ ಅಯಸ್ಕಾಂತಕ್ಕೆ ಹಿಡಿಯೋ ಪುಟ್ಟ ಮಣಿಗಳ ಮೇಲೆ ಕಟ್ಟಿಹಾಕ್ತಾರೆ, ಆಮೇಲೆ ಟಿಬಿಪಿ, ಎ, ಬಿ, ಪಾಲ್-ಟು ಹೀಗೆ ಬೇಕಾದ್ದನ್ನೆಲ್ಲ ಸೇರಿಸ್ತಾರೆ, ಟ್ಯೂಬಿನ ಪಕ್ಕ ಅಯಸ್ಕಾಂತ ಹಿಡಿದು ಮಣಿಗಳನ್ನ ಒಂದು ಕಡೆ ಎಳ್ಕೊಂಡು ಅಂಟದೆ ಉಳಿದದ್ದನ್ನೆಲ್ಲ ತೊಳೆದು ಚೆಲ್ತಾರೆ, ಕೊನೆಗೆ ಡಿಎನ್‌ಎ ಕತ್ತರಿಸೋ ಎನ್‌ಜೈಮ್ ಹಾಕಿ ಮಣಿಯಿಂದ ಬಿಡಿಸಿದ್ರೆ ಡಿಎನ್‌ಎ ಮೇಲೆ ಸರಿಯಾಗಿ ಕೂತ ಗುಂಪುಗಳು ಮಾತ್ರ ಕೈಗೆ ಸಿಗ್ತವೆ. ನನಗೆ ಈ ಹಂತವೇ ತುಂಬಾ ಇಷ್ಟ, ಮೈಕ್ರೋಸ್ಕೋಪಿಗಿಂತ ಮುಂಚೆ ಕೈಕೆಲಸದ ಶುದ್ಧಿ ಇಷ್ಟಿರಬೇಕು.

ಅದರಲ್ಲಿ ಒಂದು ಹನಿಯನ್ನ 3 ಮಿಲಿಮೀಟರ್ ಅಗಲದ ಜಾಲರಿ ಮೇಲೆ ಹಾಕಿ, ಫಿಲ್ಟರ್ ಪೇಪರಿಂದ ಒತ್ತಿ ನೀರು ಹೀರಿ, ದ್ರವ ಈಥೇನ್ ಒಳಗೆ ತಟ್ಟನೆ ಮುಳುಗಿಸ್ತಾರೆ. ನೀರಿಗೆ ಹರಳುಗಟ್ಟೋಕೂ ಟೈಮ್ ಸಿಗಲ್ಲ, ಗಾಜಿನ ಥರ ಗಟ್ಟಿಯಾಗತ್ತೆ, ಒಳಗಿನ ಪ್ರೋಟೀನ್ ಇದ್ದ ಭಂಗಿಯಲ್ಲೇ ಉಳಿಯತ್ತೆ. ಆಮೇಲೆ ಎಲೆಕ್ಟ್ರಾನ್ ಹಾಯಿಸಿ ಸಾವಿರಾರು ಫೋಟೋ. ಒಂದೊಂದು ಫೋಟೋ ನೋಡಿದ್ರೆ ಬೂದು ಬಣ್ಣದಲ್ಲಿ ಮಸುಕು ಕಲೆಗಳು, ಅಷ್ಟೇ. ಒಂದೊಂದು ಕಣ ಒಂದೊಂದು ಕಡೆ ಮುಖ ಮಾಡಿರತ್ತೆ, ಒಂದೇ ಥರ ಕಾಣೋ ಲಕ್ಷಾಂತರ ಕಲೆಗಳನ್ನ ಕಂಪ್ಯೂಟರ್ ಗುಂಪು ಮಾಡಿ, ಸರಾಸರಿ ತೆಗೆದು, ಎಲ್ಲಾ ಕೋನಗಳನ್ನ ಸೇರಿಸಿ ಮೂರು ಆಯಾಮದ ನಕ್ಷೆ ಕಟ್ಟತ್ತೆ. ಈ ವಿಧಾನಕ್ಕೆ 2017ರಲ್ಲಿ ಡ್ಯುಬೋಶೆ, ಫ್ರಾಂಕ್, ಹೆಂಡರ್ಸನ್ ಮೂವರಿಗೆ ನೊಬೆಲ್ ಬಂತು. ಅಂಥ ದೊಡ್ಡ ಮೈಕ್ರೋಸ್ಕೋಪ್ ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕ್ಯಾಂಪಸ್ಸಲ್ಲೂ ಇದೆ. ಇನ್ನೊಂದು ಹೇಳ್ಲೇಬೇಕು, ಹೀಗೆ ಕಟ್ಟಿದ ಪ್ರೋಟೀನ್ ಮಾಡೆಲ್ ಸರಿಯಿದೆಯಾ ಅಂತ ಇಡೀ ಜಗತ್ತಲ್ಲಿ ಇವತ್ತಿಗೂ ಪರೀಕ್ಷೆ ಮಾಡೋ ಒಂದು ಮುಖ್ಯ ಅಳತೆ ರಾಮಚಂದ್ರನ್ ಪ್ಲಾಟ್, ಪ್ರೋಟೀನ್ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಹುದು ಅಂತ ಹೇಳೋ ನಕ್ಷೆ, 1963ರದ್ದು. ಅದನ್ನ ಮದ್ರಾಸಲ್ಲಿ ಮಾಡಿದ ಜಿ. ಎನ್. ರಾಮಚಂದ್ರನ್ ಅವರೇ ಆಮೇಲೆ ಬೆಂಗಳೂರಿನ ಐಐಎಸ್ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ್ದು.

ಪ್ರಶ್ನೆ: ಟಾಟಾ ಬಾಕ್ಸ್ ಇದ್ರೆ ಮಾತ್ರ ಟಿಬಿಪಿ ಕೂರತ್ತೆ ಅಂತ ಓದಿದೀವಿ. ಆದ್ರೆ ಹೆಚ್ಚಿನ ಮನುಷ್ಯ ಜೀನ್‌ಗಳಲ್ಲಿ ಟಾಟಾ ಬಾಕ್ಸೇ ಇಲ್ವಂತೆ?
— ಎಂಎಸ್ಸಿ ವಿದ್ಯಾರ್ಥಿ, ಮೈಸೂರು

ಉತ್ತರ: ಸರಿಯಾಗಿ ಕೇಳಿದೀರ. ಟಿ-ಎ-ಟಿ-ಎ ಅನ್ನೋ ಅಕ್ಷರಗಳ ಗುರುತು ಶುರುವಾಗೋ ಜಾಗದಿಂದ 25-30 ಅಕ್ಷರ ಹಿಂದೆ ಇರತ್ತೆ ಅಂತ ಪುಸ್ತಕ ಹೇಳತ್ತೆ, ಆದ್ರೆ ನಮ್ಮಲ್ಲಿ ಅದು ಸ್ವಲ್ಪ ಜೀನ್‌ಗಳಲ್ಲಿ ಮಾತ್ರ ಇದೆ. ಉಳಿದವುಗಳಲ್ಲಿ ಜಾಗ ಗುರುತಿಸೋ ಜವಾಬ್ದಾರಿ ಟಿಎಫ್‌ಟು-ಡಿಯ ಬೇರೆ ಪ್ರೋಟೀನ್‌ಗಳದ್ದು, ಟಾಫ್ ಅಂತಾರೆ. ಟಿಎಫ್‌ಟು-ಡಿ ಮೂರು ಹಾಲೆಗಳಿರೋ ದೊಡ್ಡ ಗುಂಪು. ಅದರ ಒಂದು ಹಾಲೆ ಶುರುವಾಗೋ ಜಾಗದ ಮುಂದಿನ ಡಿಎನ್‌ಎಯನ್ನ ಹಿಡ್ಕೊಳ್ಳತ್ತೆ, ಟಿಬಿಪಿ ಹೊತ್ತ ಇನ್ನೊಂದು ಹಾಲೆ ದೂರದವರೆಗೂ ತೂಗಾಡಿ ಹೋಗಿ ಹಿಂದಿನ ಡಿಎನ್‌ಎ ಮೇಲೆ ಟಿಬಿಪಿಯನ್ನ ಇಳಿಸತ್ತೆ. ಅಲ್ಲೀವರೆಗೂ ಟಿಬಿಪಿಯ ಡಿಎನ್‌ಎ ಹಿಡಿಯೋ ಮೈಯನ್ನ ಟಾಫ್‌ಗಳೇ ಮುಚ್ಚಿಟ್ಟಿರ್ತವೆ, ಸಿಕ್ಕಸಿಕ್ಕ ಕಡೆ ಕೂರದೇ ಇರೋ ಹಾಗೆ. ಒಂದು ಕಡೆ ಹಿಡಿದು ಅಳತೆ ನೋಡಿ ಇನ್ನೊಂದು ಕಡೆ ಇಳಿಸೋದ್ರಿಂದ ಟಾಟಾ ಇಲ್ದಿದ್ರೂ ಟಿಬಿಪಿ ಸರಿಯಾದ ದೂರದಲ್ಲೇ ಕೂರತ್ತೆ, ಕೂತು ಅಲ್ಲೂ ಡಿಎನ್‌ಎ ಬಗ್ಗಿಸತ್ತೆ. 2021ರ ಚಿತ್ರಗಳಲ್ಲಿ ಟಾಟಾ ಇರೋ ಮತ್ತು ಇಲ್ಲದಿರೋ ಎರಡೂ ಕಡೆ ಬಗ್ಗಿದ ರೀತಿ ಒಂದೇ ಥರ ಕಂಡಿದೆ. ಪರೀಕ್ಷೇಲಿ ಇದನ್ನ ಬರೀರಿ.

ಪ್ರಶ್ನೆ: ಆರಂಭದ ಜಾಗದಲ್ಲಿ ಹೆಲಿಕೇಸ್ ಕೂತು ಎರಡು ಎಳೆ ಬಿಡಿಸತ್ತೆ ಅಂತ ಪಾಠ ಮಾಡ್ತಿದ್ದೀನಿ. ಒಬ್ಬ ಸ್ನೇಹಿತರು ಹಾಗಲ್ಲ ಅಂತಾರೆ. ಯಾವುದು ಸರಿ?
— ಪಿಯು ಉಪನ್ಯಾಸಕರು, ತುಮಕೂರು

ಉತ್ತರ: ನಿಮ್ಮ ಸ್ನೇಹಿತರು ಸರಿ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಆಶ್ಚರ್ಯ ಕೊಡೋ ಸಂಗತಿ ಇದೇ. ಡಿಎನ್‌ಎ ಬಿಚ್ಚೋಕೆ ಶಕ್ತಿ ಕೊಡೋದು ಟಿಎಫ್‌ಟು-ಎಚ್ ಒಳಗಿನ ಎಕ್ಸ್‌ಪಿಬಿ ಅನ್ನೋ ಪ್ರೋಟೀನ್, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ. ಆದ್ರೆ ಚಿತ್ರಗಳಲ್ಲಿ ನೋಡಿದ್ರೆ ಎಕ್ಸ್‌ಪಿಬಿ ಬಿಚ್ಚೋ ಜಾಗದ ಹತ್ರಾನೇ ಇಲ್ಲ! ಎಳೆಗಳು ಬಿಡೋ ಜಾಗದಿಂದ ಮುಂದಕ್ಕೆ, ಪಾಲ್-ಟುವಿನ ಆಚೆ, ಇನ್ನೂ ಎರಡೂ ಎಳೆ ಹೆಣೆದುಕೊಂಡೇ ಇರೋ ಕಡೆ ಕೂತಿದೆ.

ಕೊಬ್ಬರಿ ನಾರಿನ ಹಗ್ಗ ತಗೊಂಡು ಒಂದು ತುದಿಯನ್ನ ಗಟ್ಟಿಯಾಗಿ ಹಿಡಿಸಿ, ಇನ್ನೊಂದು ತುದಿಯನ್ನ ಹುರಿಗೆ ವಿರುದ್ಧವಾಗಿ ತಿರುಗಿಸ್ತಾ ಒಳಕ್ಕೆ ತಳ್ಳಿ ನೋಡಿ, ಯಾರೂ ಮುಟ್ಟದೆ ಮಧ್ಯ ಎಳೆ ಬಾಯಿಬಿಡತ್ತೆ. ಇಲ್ಲೂ ಹಾಗೇ. ಹಿಂದಿನ ಕಡೆ ಟಿಬಿಪಿ, ಬಿ ಎಲ್ಲ ಸೇರಿ ಡಿಎನ್‌ಎಯನ್ನ ಬಿಗಿಯಾಗಿ ಹಿಡಿದಿವೆ. ಮುಂದಿನಿಂದ ಎಕ್ಸ್‌ಪಿಬಿ ಡಿಎನ್‌ಎಯನ್ನ ತಿರುಗಿಸ್ತಾ ಪಾಲ್-ಟುವಿನ ಕಂದಕದೊಳಕ್ಕೆ ತಳ್ಳತ್ತೆ. ಎಕ್ಸ್‌ಪಿಬಿ ತಾನು ಡಿಎನ್‌ಎ ಮೇಲೆ ನಡೀಬೇಕು ಅಂತಾನೇ ನೋಡತ್ತೆ, ಆದ್ರೆ ಅದು ಗುಂಪಿಗೆ ಕಟ್ಟಿಹಾಕ್ಕೊಂಡಿರೋದ್ರಿಂದ ಅದು ಹೋಗೋ ಬದಲು ಡಿಎನ್‌ಎ ಬರತ್ತೆ. ಒತ್ತಡಕ್ಕೆ ಮಧ್ಯದಲ್ಲಿ ಹತ್ತು ಹನ್ನೆರಡು ಜೋಡಿ ಬಿಟ್ಟುಕೊಂಡು ಒಂದು ಎಳೆ ಕಂದಕದ ತಳಕ್ಕೆ ಇಳಿಯತ್ತೆ, ಬಿಯ ಒಂದು ಭಾಗ ಆ ತೆರೆದ ಜಾಗ ಮುಚ್ಚದ ಹಾಗೆ ಸಹಾಯ ಮಾಡತ್ತೆ. ನೊಗಾಲೆಸ್ ತಂಡದ 2016ರ ಚಿತ್ರಗಳಲ್ಲಿ ಮುಚ್ಚಿದ ಸ್ಥಿತಿ, ತೆರೆದ ಸ್ಥಿತಿ, ಆರ್‌ಎನ್‌ಎ ಶುರುವಾದ ಸ್ಥಿತಿ ಮೂರೂ ಇವೆ, ಒಂದರ ಪಕ್ಕ ಒಂದಿಟ್ಟು ಮಕ್ಕಳಿಗೆ ತೋರಿಸಿ. ಆರ್‌ಎನ್‌ಎ ಹನ್ನೆರಡು ಹದಿಮೂರು ಅಕ್ಷರ ಆಗೋ ಹೊತ್ತಿಗೆ ಬಿ ಕೂತಿದ್ದ ಜಾಗಕ್ಕೇ ಬಂದು ತಾಗತ್ತೆ, ಬಿ ಕಳಚಿಕೊಳ್ಳತ್ತೆ, ಪಾಲ್-ಟು ಹೊರಡೋಕೆ ರೆಡಿ.

ಪ್ರಶ್ನೆ: ನಮ್ಮ ಅಕ್ಕನ ಮೊಮ್ಮಗಳಿಗೆ ಬಿಸಿಲಿಗೆ ಹೋದ್ರೆ ಮುಖವೆಲ್ಲ ಸುಟ್ಟ ಹಾಗಾಗಿ ಕಪ್ಪು ಚುಕ್ಕಿ ಬರ್ತಿತ್ತು. ಟೆಸ್ಟ್ ಮಾಡಿಸಿದಾಗ ರಿಪೋರ್ಟಲ್ಲಿ ಇಆರ್‌ಸಿಸಿ2 ಅಂತ ಬಂದಿದೆ. ಇಂಟರ್ನೆಟ್ಟಲ್ಲಿ ನೋಡಿದ್ರೆ ಇದು ಟ್ರಾನ್ಸ್‌ಕ್ರಿಪ್ಷನ್ ಜೀನ್ ಅಂತ ಇದೆ. ಬಿಸಿಲಿಗೂ ಇದಕ್ಕೂ ಏನು ಸಂಬಂಧ? ಮಗುವಿನ ಅಪ್ಪ ಅಮ್ಮ ಸೋದರ ಸಂಬಂಧ.
— ಓದುಗರು, ಹಾಸನ

ಉತ್ತರ: ಅಮ್ಮಾ, ಮೊದಲು ಮಗುವಿಗೆ ಬೇಕಾದ್ದು ಹೇಳ್ತೀನಿ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮೈಗೆ, ಕಣ್ಣಿಗೆ ತಾಗಬಾರದು, ಇದರಲ್ಲಿ ರಾಜಿ ಇಲ್ಲ. ಬಟ್ಟೆ, ಟೋಪಿ, ಕನ್ನಡಕ, ಸನ್‌ಸ್ಕ್ರೀನ್, ಜೊತೆಗೆ ಕಿಟಕಿ ಗಾಜಿಗೆ ಫಿಲ್ಮ್, ಯಾಕಂದ್ರೆ ಮಾಮೂಲಿ ಗಾಜಿನಿಂದಲೂ ಸ್ವಲ್ಪ ಕಿರಣ ಒಳಗೆ ಬರತ್ತೆ. ಸ್ಕೂಲಿಗೂ ತಿಳಿಸಿ. ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು ಇಬ್ಬರ ಹತ್ರಾನೂ ತಪ್ಪದೆ ತೋರಿಸ್ತಾ ಇರಿ, ಹೊಸ ಗಂಟು, ವಾಸಿಯಾಗದ ಹುಣ್ಣು ಕಂಡ್ರೆ ಕಾಯಬೇಡಿ. ಬಿಸಿಲಿಲ್ಲದೆ ವಿಟಮಿನ್ ಡಿ ಕಮ್ಮಿಯಾಗತ್ತೆ, ಅದನ್ನೂ ಕೇಳಿ.

ಈಗ ಸಂಬಂಧ. ಇಆರ್‌ಸಿಸಿ2 ಜೀನ್ ತಯಾರಿಸೋ ಪ್ರೋಟೀನ್ ಹೆಸರು ಎಕ್ಸ್‌ಪಿಡಿ, ಅದು ಮೇಲೆ ಹೇಳಿದ ಟಿಎಫ್‌ಟು-ಎಚ್‌ನ 10 ಪ್ರೋಟೀನ್‌ಗಳಲ್ಲಿ ಒಂದು. ಟಿಎಫ್‌ಟು-ಎಚ್‌ಗೆ ಎರಡು ಕೆಲಸ, ಒಂದು ಜೀನ್ ಓದೋಕೆ ಡಿಎನ್‌ಎ ತೆರೆಯೋದು, ಇನ್ನೊಂದು ಬಿಸಿಲಿಂದ ಕೆಟ್ಟ ಡಿಎನ್‌ಎ ಭಾಗದ ಸುತ್ತ ಎಳೆ ಬಿಡಿಸಿ ಕೆಟ್ಟ ತುಂಡನ್ನ ಕತ್ತರಿಸೋಕೆ ಅನುವು ಮಾಡೋದು. ಓದೋ ಕೆಲಸದಲ್ಲಿ ಎಕ್ಸ್‌ಪಿಡಿ ಸುಮ್ನೆ ಜಾಗ ತುಂಬಿ ಗುಂಪನ್ನ ಗಟ್ಟಿ ಮಾಡತ್ತೆ ಅಷ್ಟೇ, ರಿಪೇರಿ ಕೆಲಸದಲ್ಲಿ ಅದೇ ಮುಖ್ಯ. ಹಾಗಾಗಿ ಎಕ್ಸ್‌ಪಿಡಿಯ ಎಳೆ ಬಿಡಿಸೋ ಭಾಗದಲ್ಲಿ ಅಕ್ಷರ ತಪ್ಪಿದ್ರೆ ಮಗು ಬೆಳೆಯತ್ತೆ, ಜೀನ್ ಓದೋದು ನಡೆಯತ್ತೆ, ಆದ್ರೆ ಬಿಸಿಲಿನ ಹಾನಿ ರಿಪೇರಿಯಾಗದೆ ಗುಡ್ಡೆ ಬೀಳ್ತಾ ಹೋಗತ್ತೆ, ಚಿಕ್ಕ ವಯಸ್ಸಲ್ಲೇ ಚರ್ಮದ ಕ್ಯಾನ್ಸರಿನ ಅಪಾಯ ಬರತ್ತೆ. ಕ್ಸೀರೋಡರ್ಮಾ ಪಿಗ್ಮೆಂಟೋಸಂ ಅಂತ ಡಾಕ್ಟರು ಹೇಳಿರೋದು ಇದನ್ನೇ ಇರಬೇಕು. ಅದೇ ಪ್ರೋಟೀನಿನಲ್ಲಿ ಪಕ್ಕದವರ ಜೊತೆ ಅಂಟಿಕೊಳ್ಳೋ ಹೊರಮೈಯಲ್ಲಿ ತಪ್ಪಾದ್ರೆ ಇಡೀ ಟಿಎಫ್‌ಟು-ಎಚ್ ಸಡಿಲವಾಗಿ ಬೇರೆಯೇ ಕಾಯಿಲೆ ಬರತ್ತೆ, ಟ್ರೈಕೋಥಯೋಡಿಸ್ಟ್ರೋಫಿ ಅಂತ: ಕೂದಲು ಪುಡಿಪುಡಿ ಒಡೆಯತ್ತೆ, ವಿಶೇಷ ಬೆಳಕಿನ ಮೈಕ್ರೋಸ್ಕೋಪಲ್ಲಿ ಆ ಕೂದಲು ಹುಲಿ ಬಾಲದ ಹಾಗೆ ಪಟ್ಟೆಪಟ್ಟೆ ಕಾಣತ್ತೆ, ಬೆಳವಣಿಗೆ ಕುಂಠಿತ, ಆದ್ರೆ ಚರ್ಮದ ಕ್ಯಾನ್ಸರ್ ಅಷ್ಟಾಗಿ ಬರಲ್ಲ. ಒಂದೇ ಜೀನಿಂದ ಇಷ್ಟು ಬೇರೆ ಕಾಯಿಲೆ ಹೇಗೆ ಅಂತ ಡಾಕ್ಟರುಗಳಿಗೆ ಬಹಳ ವರ್ಷ ಒಗಟಾಗಿತ್ತು, ಮೊದಲು ಎಕ್ಸ್‌ಪಿಡಿಯ, 2017ರ ನಂತರ ಇಡೀ ಟಿಎಫ್‌ಟು-ಎಚ್‌ನ ರಚನೆ ಕಂಡ ಮೇಲೆ ಒಂದೊಂದು ತಪ್ಪು ಎಲ್ಲಿ ಬಿದ್ದಿದೆ ಅಂತ ಬೆರಳಿಟ್ಟು ತೋರಿಸೋ ಹಾಗಾಯ್ತು.

ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಈ ಕಾಯಿಲೆ. ಸೋದರ ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರೋ ಸಾಧ್ಯತೆ ಹೆಚ್ಚು, ನಮ್ಮ ಕಡೆ ಅಂಥ ಮದುವೆ ಬಹಳ ಇರೋದ್ರಿಂದ ಹೇಳ್ತಿದ್ದೀನಿ. ಇದರಲ್ಲಿ ಯಾರ ತಪ್ಪೂ ಇಲ್ಲ, ತಾಯಿಯನ್ನ ದೂರೋ ಅಭ್ಯಾಸ ನಮ್ಮ ಮನೆಗಳಲ್ಲಿದೆ, ದಯವಿಟ್ಟು ಅದಾಗದಿರಲಿ. ಮುಂದಿನ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇರೋದ್ರಿಂದ ಅದಕ್ಕೂ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ.

ಪ್ರಶ್ನೆ: ವಿಷದ ಅಣಬೆ ತಿಂದ್ರೆ ಇದೇ ಪಾಲಿಮರೇಸ್ ನಿಂತುಹೋಗತ್ತಂತೆ ಹೌದಾ? ಮಳೆಗಾಲದಲ್ಲಿ ನಾವು ಅಣಬೆ ಕಿತ್ತು ತಿನ್ನೋರು.
— ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಎಲ್ಲಾ ವಿಷದ ಅಣಬೆಯೂ ಅಲ್ಲ. ಯೂರೋಪಿನ ಡೆತ್ ಕ್ಯಾಪ್ ಅನ್ನೋ ಅಣಬೆ ಮತ್ತು ಅದರ ಕೆಲವು ಸಂಬಂಧಿಗಳಲ್ಲಿ ಆಲ್ಫಾ ಅಮಾನಿಟಿನ್ ಅನ್ನೋ ವಿಷ ಇದೆ. ಅದು ಪಾಲ್-ಟುವಿನ ಒಳಗೆ, ಡಿಎನ್‌ಎ ಒಂದೊಂದೇ ಹೆಜ್ಜೆ ಸರಿಯೋಕೆ ಅಲುಗಾಡಬೇಕಾದ ಒಂದು ಅಡ್ಡ ಸುರುಳಿಯ ಪಕ್ಕ ಸಿಕ್ಕಿಹಾಕ್ಕೊಂಡು ಅದನ್ನ ಅಲ್ಲಾಡೋಕೇ ಬಿಡಲ್ಲ. ಲಿವರ್ ಹೊಸ ಪ್ರೋಟೀನ್ ಮಾಡೋಕಾಗದೆ ಸೋಲತ್ತೆ. ಇದರ ದೊಡ್ಡ ಅಪಾಯ ಅಂದ್ರೆ ವಾಂತಿ ಭೇದಿ ಶುರುವಾಗೋದೇ ಊಟವಾಗಿ ಆರು ಗಂಟೆಗೂ ಮೇಲೆ, ಆಮೇಲೆ ಒಂದು ದಿನ ಹುಷಾರಾದ ಹಾಗೆ ಕಾಣತ್ತೆ, ಒಳಗೆ ಲಿವರ್ ಹಾಳಾಗ್ತಾ ಇರತ್ತೆ. ಬೇಯಿಸಿದ್ರೆ ಈ ವಿಷ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ. ಹಿರಿಯರು ಗುರುತಿಸಿಕೊಟ್ಟ ಅಣಬೆ ಬಿಟ್ಟು ಬೇರೆ ಮುಟ್ಟಬೇಡಿ, ಅನುಮಾನ ಬಂದ್ರೆ ಉಳಿದ ಅಣಬೆ ತುಂಡು ಕೈಲಿ ಹಿಡ್ಕೊಂಡೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಈಗ ಆಲ್ಫಾಫೋಲ್ಡ್ ಬಂದಿದೆಯಲ್ಲ, ಈ ಮೈಕ್ರೋಸ್ಕೋಪ್ ಕಷ್ಟ ಯಾಕೆ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಒಂದೊಂದು ಪ್ರೋಟೀನಿನ ಮಡಿಕೆ ಊಹಿಸೋದ್ರಲ್ಲಿ ಆ ಎಐ ಪ್ರೋಗ್ರಾಂ ತುಂಬಾ ಒಳ್ಳೇದು, 2024ರ ನೊಬೆಲ್ ಸುಮ್ನೆ ಬರ್ಲಿಲ್ಲ, ಮಸುಕಾಗಿ ಕಾಣೋ ನಕ್ಷೆಗೆ ತುಂಡುಗಳನ್ನ ಹೊಂದಿಸೋಕೆ ಈ ಕ್ಷೇತ್ರದವರೂ ದಿನಾ ಬಳಸ್ತಾರೆ. ಆದ್ರೆ 76 ಸರಪಳಿ, ಜೊತೆಗೆ ಬಗ್ಗಿ ಬಿಚ್ಚಿದ ಡಿಎನ್‌ಎ, ಅದೂ ಮುಚ್ಚಿದ್ದೊಂದು ತೆರೆದದ್ದೊಂದು ಹೀಗೆ ಬದಲಾಗ್ತಾ ಹೋಗೋ ಸ್ಥಿತಿಗಳು, ಇವನ್ನೆಲ್ಲ ಪ್ರಯೋಗದಲ್ಲಿ ನೋಡಿಯೇ ನಂಬಬೇಕು. ಎಕ್ಸ್‌ಪಿಬಿ ಕೂತಿರೋ ಜಾಗ ಗೊತ್ತಾದದ್ದು ಹಾಗೇ.

ಪ್ರಶ್ನೆ: ನಮ್ಮ ಮನೆತನದಲ್ಲಿ ಮೂರು ತಲೆಮಾರಿಂದ ಹೆಬ್ಬೆರಳ ಪಕ್ಕ ಇನ್ನೊಂದು ಬೆರಳು ಬರತ್ತೆ. ಡಾಕ್ಟರು "ಜೀನ್ ಸರಿಯಾಗೇ ಇದೆ, ದೂರದಲ್ಲಿರೋ ಸ್ವಿಚ್ಚಲ್ಲಿ ತಪ್ಪು" ಅಂದರು. ದೂರ ಅಂದ್ರೆ ಎಷ್ಟು ದೂರ, ಅಲ್ಲಿಂದ ಹೇಗೆ ಮಾತು ತಲುಪತ್ತೆ?
— ಓದುಗರು, ಚಿತ್ರದುರ್ಗ

ಉತ್ತರ: ಬಹುಶಃ ಸಾನಿಕ್ ಹೆಡ್ಜ್‌ಹಾಗ್ ಅನ್ನೋ ಜೀನಿನ ಸ್ವಿಚ್ ಬಗ್ಗೆ ಹೇಳಿರ್ತಾರೆ. ಆ ಸ್ವಿಚ್ ಜೀನಿಂದ ಸುಮಾರು 10 ಲಕ್ಷ ಅಕ್ಷರ ದೂರದಲ್ಲಿದೆ, ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದ್ರೂ ಗರ್ಭದಲ್ಲಿ ಕೈ ಬೆಳೆಯೋ ಹೊತ್ತಿಗೆ ಜೀನ್ ಹೆಬ್ಬೆರಳ ಕಡೆಯೂ ಆನ್ ಆಗಿ ಹೆಚ್ಚಿನ ಬೆರಳು ಬರಬಹುದು. ಡಿಎನ್‌ಎ ಮಡಿಚಿಕೊಂಡಾಗ ಸ್ವಿಚ್ ಜೀನಿನ ಸಮೀಪಕ್ಕೆ ಬರತ್ತೆ, ಸ್ವಿಚ್ ಮೇಲೆ ಕೂತ ಪ್ರೋಟೀನ್‌ಗಳ ಮಾತನ್ನ ಆರಂಭದ ಗುಂಪಿಗೆ ಮುಟ್ಟಿಸೋ ಕೆಲಸದಲ್ಲಿ ಮುಖ್ಯವಾದದ್ದು ಮೀಡಿಯೇಟರ್, 26 ಪ್ರೋಟೀನ್‌ಗಳದ್ದು.

ಅದು ಹೇಗೆ ಮುಟ್ಟಿಸತ್ತೆ ಅನ್ನೋದಕ್ಕೆ ರಚನೆಯಲ್ಲಿ ಒಂದು ಸುಳಿವಿದೆ. ಪಾಲ್-ಟುವಿಗೆ ಉದ್ದನೆಯ ಸಡಿಲವಾದ ಬಾಲ ಇದೆ, ಏಳು ಅಮೈನೋ ಆಮ್ಲಗಳ ಹೆಚ್ಚುಕಮ್ಮಿ ಒಂದೇ ಪಾಠ ಮನುಷ್ಯರಲ್ಲಿ 52 ಸಲ, ಯೀಸ್ಟಲ್ಲಿ 26 ಸಲ ಮರುಕಳಿಸತ್ತೆ. ಆ ಬಾಲದ ಮೇಲೆ ಫಾಸ್ಫೇಟ್ ಹಚ್ಚೋ ಸಿಡಿಕೆ7 ಅನ್ನೋ ಎನ್‌ಜೈಮ್ ಇರೋದು ಮತ್ತೆ ಅದೇ ಟಿಎಫ್‌ಟು-ಎಚ್‌ನಲ್ಲಿ. ಮೀಡಿಯೇಟರ್ ಬಂದು ಒಂದು ಕಡೆಯಿಂದ ಬಾಲವನ್ನ, ಇನ್ನೊಂದು ಕಡೆಯಿಂದ ಸಿಡಿಕೆ7ನ್ನ ಹಿಡಿದು ಹತ್ತಿರ ತರತ್ತೆ. ಫಾಸ್ಫೇಟ್ ಹತ್ತಿದ ಬಾಲವನ್ನ ಮೀಡಿಯೇಟರ್ ಇನ್ನು ಹಿಡಿಯೋಕಾಗಲ್ಲ, ಬಿಡತ್ತೆ, ಪಾಲ್-ಟು ಹೊರಡತ್ತೆ. ಇದೆಲ್ಲ ನೋಡಿದ್ದು ಬರಿಯ ಡಿಎನ್‌ಎ ಮೇಲೆ, ನಿಜವಾದ ಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಅನ್ನೋ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರತ್ತೆ. 2022ರಲ್ಲಿ ಫುಡಾನ್ ತಂಡ ಜೀನಿನ ಮೊದಲ ಉಂಡೆಯನ್ನೂ ಸೇರಿಸಿ ಇಡೀ ಗುಂಪನ್ನ ಕಟ್ಟಿ ನೋಡಿದೆ. ದೂರದ ಸ್ವಿಚ್ಚು, ಅದರ ಮೇಲಿನ ಪ್ರೋಟೀನ್‌ಗಳು, ಮೀಡಿಯೇಟರ್, ಪಾಲ್-ಟು ಎಲ್ಲವೂ ಒಂದೇ ಚಿತ್ರದಲ್ಲಿ ಪೂರ್ತಿ ವಿವರವಾಗಿ ಕಾಣೋದನ್ನ ನಾನೂ ಆಸೆಯಿಂದ ಕಾಯ್ತಿದ್ದೀನಿ. ನಿಮ್ಮ ಮನೆಯವರು ಒಪ್ಪಿದ್ರೆ ಜೆನೆಟಿಕ್ಸ್ ಡಾಕ್ಟರ ಹತ್ರ ಮೂರೂ ತಲೆಮಾರಿನ ವಂಶವೃಕ್ಷ ಬರೆಸಿ, ಯಾರ ಯಾವ ಕೈಯಲ್ಲಿ ಅಂತಾನೂ ಸೇರಿಸಿ, ಹುಡುಕೋರಿಗೆ ಅದು ಬಹಳ ಉಪಯೋಗಕ್ಕೆ ಬರತ್ತೆ.